ಮತ್ತಿ ಮರದಲ್ಲಿ ಉಳಿದ ಎರಡು ಆಣಿ

ತೋಟದ ಅಂಚಿನ ಮರದ ಮೇಲೆ ತಾತನ ಕಾಲದ ಅಟ್ಟಣೆಯೊಂದು ಇನ್ನೂ ಇದೆ, ಜಿಂಕೆ ಬೇಟೆಗೆ ಕಟ್ಟಿದ್ದಂತೆ ಅಂತ ಬರೆದಿದ್ದೀರಿ. ಇಂಥವನ್ನು ಹೇಗೆ ಕಟ್ಟುತ್ತಿದ್ದರು, ಕೂತವರು ಯಾರಾದರೂ ಇದ್ದೀರಾ, ಈಗ ಹತ್ತಬಹುದಾ ಅಂತ ಕೇಳಿದ್ದೀರಿ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಹತ್ತಬೇಡಿ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ನಾನು ಕೂತಿದ್ದೇನೆ. ಕೊಪ್ಪ ತಾಲ್ಲೂಕಿನ ಒಂದು ಮೂಲೆಯಲ್ಲಿ, 1968ರ ಚಳಿಗಾಲದಲ್ಲಿ, ಅಜ್ಜಯ್ಯನ ಪಕ್ಕದಲ್ಲಿ. ಆಗ ನನಗೆ 11 ವರ್ಷ.

ಹೀಗೆ ಅಟ್ಟಣೆ ಮೇಲೆ ಬೇಟೆಗೆ ಕಾದು ಕೂರೋದಕ್ಕೆ ನಮ್ಮ ಕಡೆ ಮರಸು ಕೂರೋದು ಅಂತಾರೆ. ಮಚಾನ್ ಅನ್ನೋದು ಹಿಂದಿಯಿಂದ ಬಂದಿದ್ದು, ಶಿಕಾರಿ ಸಾಹೇಬರ ಮಾತು. ಗದ್ದೆ ಕಾಯೋಕೆ ಕಟ್ಟಿದರೆ ಅದು ಮಾಳ. ಕಟ್ಟೋ ರೀತಿ ಎರಡರದ್ದೂ ಹೆಚ್ಚುಕಡಿಮೆ ಒಂದೇ, ಕೂರೋ ರೀತಿ ಮಾತ್ರ ಪೂರ್ತಿ ಬೇರೆ. ಮಾಳದಲ್ಲಿ ಕೂತವನು ರಾತ್ರಿಯಿಡೀ ಡಬ್ಬ ಬಡಿಯಬೇಕು, ಕೂಗು ಹಾಕಬೇಕು. ಮರಸಿನಲ್ಲಿ ಒಂದು ಸಲ ಕೆಮ್ಮಿದರೂ ಅವತ್ತಿನ ಕೆಲಸ ಮುಗಿದಂತೆ.

ಅಟ್ಟಣೆಗೆ ಮರ ಹುಡುಕುವ ಮೊದಲು ಹಣ್ಣಿನ ಮರ ಹುಡುಕಬೇಕು. ನಮ್ಮ ಬ್ಯಾಣದ, ಅಂದರೆ ಹುಲ್ಲುಗಾವಲಿನ, ಮೇಲಂಚಿನಲ್ಲಿ ನಾಲ್ಕೈದು ನೆಲ್ಲಿ ಮರಗಳಿದ್ದವು. ಚಳಿ ಬಿದ್ದ ಮೇಲೆ ಕಾಯಿ ಉದುರುತ್ತದೆ. ಅದನ್ನು ತಿನ್ನೋಕೆ ಕಡವೆ ಬರುತ್ತಿತ್ತು, ಕಾಡುಕುರಿಯೂ ಬರುತ್ತಿತ್ತು. ನೆಲ್ಲಿಕಾಯಿಯ ಗಟ್ಟಿ ಬೀಜವನ್ನು ಅವು ಅರಗಿಸಿಕೊಳ್ಳೋದಿಲ್ಲ. ಎಲ್ಲೋ ಮರದ ಬುಡದಲ್ಲಿ ಮಲಗಿ ಮೆಲುಕು ಹಾಕುವಾಗ ಉಗುಳುತ್ತವೆ. ಅಂಥ ಬೀಜದ ಸಣ್ಣ ಗುಡ್ಡೆ ಕಂಡರೆ ಅಜ್ಜಯ್ಯ ಕೂತು, ಕೈಯಲ್ಲಿ ಹಿಡಿದು, ಹಸಿಯಾ ಒಣಗಿದ್ದಾ ನೋಡುತ್ತಿದ್ದರು. ನಮ್ಮ ಮನೆಯಲ್ಲಿ ಪೇಪರು ಬರುತ್ತಿರಲಿಲ್ಲ. ಅವರು ಬೆಳಿಗ್ಗೆ ಎದ್ದು ಓದುತ್ತಿದ್ದದ್ದು ಇದನ್ನೇ.

ಆಮೇಲೆ ಗಾಳಿ. ಸಂಜೆ ನೆಲ ತಣ್ಣಗಾಗುತ್ತಿದ್ದಂತೆ ಗುಡ್ಡದ ಗಾಳಿ ಕೆಳಗೆ ಇಳಿಯುತ್ತದೆ. ಹಾಗಾಗಿ ಅಟ್ಟಣೆ ನೆಲ್ಲಿ ಮರಕ್ಕಿಂತ ಕೆಳಗಿರಬೇಕು, ಮೇಲಿದ್ದರೆ ನಮ್ಮ ವಾಸನೆ ನೇರ ಪ್ರಾಣಿಯ ಮೂಗಿಗೆ. ಅಜ್ಜಯ್ಯ ಒಂದು ಚಿಟಿಕೆ ಒಲೆ ಬೂದಿ ತೂರಿ ನೋಡುತ್ತಿದ್ದರು. ಬೂದಿ ನೆಲ್ಲಿ ಕಡೆ ಹೋಯಿತೋ, ಆ ದಿನ ವಾಪಸ್ಸು. ಗೊಣಗುತ್ತಲೂ ಇರಲಿಲ್ಲ.

ನೆಲ್ಲಿಯಿಂದ ಇಪ್ಪತ್ತು ಮಾರು ಕೆಳಗೆ ಒಂದು ಮತ್ತಿ ಮರ. ಹದಿನಾಲ್ಕು ಅಡಿ ಎತ್ತರದಲ್ಲಿ ಅದು ಮೂರಾಗಿ ಕವಲೊಡೆದಿತ್ತು. ಕವಲಿಗೆ ಅಡ್ಡಲಾಗಿ ಎರಡು ಬಿದಿರು, ಅದರ ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಒತ್ತೊತ್ತಾಗಿ. ಕಟ್ಟೋಕೆ ಕೌಲು ಮರದ ನಾರು. ಹಗ್ಗ ಜಾರುತ್ತದೆ, ಹಸಿ ನಾರು ಒಣಗುತ್ತಾ ಬಿಗಿಯಾಗುತ್ತದೆ ಅನ್ನೋರು. ಹತ್ತೋಕೆ ಏಣಿ ಅಂದರೆ ಕೊಂಬೆಗಳ ಮೋಟು ಉಳಿಸಿ ಸವರಿದ ಒಂಟಿ ಬಿದಿರು. ಕೂರೋಕೆ ಅಡಿಕೆ ಹಾಳೆಯ ಮೇಲೆ ಮಡಿಸಿದ ಕಂಬಳಿ. ದಬ್ಬೆ ಕಿರ್ ಅನ್ನಬಾರದು, ಅದಕ್ಕೇ ಕಂಬಳಿ. ಸುಖಕ್ಕೆ ಅಂತ ಏನೂ ಇರಲಿಲ್ಲ ಬಿಡಿ. ಊರಲ್ಲಿ ಸಾಧಾರಣವಾಗಿ ಯಾರೂ ಮರಕ್ಕೆ ಕಬ್ಬಿಣ ಹೊಡೆಯುತ್ತಿರಲಿಲ್ಲ. ಅಜ್ಜಯ್ಯ ಮಾತ್ರ ಕಮ್ಮಾರನ ಹತ್ತಿರ ಎರಡು ಗೇಣುದ್ದದ ಆಣಿ ಮಾಡಿಸಿ ಕಾಂಡಕ್ಕೆ ಬಡಿದಿದ್ದರು. ಒಂದು ಕೋವಿ ತೂಗುಹಾಕೋಕೆ, ಇನ್ನೊಂದು ಚೀಲಕ್ಕೆ. ಅದೇ ಅವರ ಶೋಕಿ.

ಇನ್ನೊಂದು ವಿಷಯ, ಚಗಳಿ, ಅದೇ ಕಚ್ಚೋ ಕೆಂಪಿರುವೆ. ಹಗಲಲ್ಲೇ ಮರವಿಡೀ ನೋಡಬೇಕು, ಎಲೆ ಹೆಣೆದ ಒಂದು ಗೂಡಿದ್ದರೂ ಆ ಮರ ಬೇಡ. ಕತ್ತಲಲ್ಲಿ ಚಗಳಿ ಅಂಗಿಯೊಳಗೆ ಹೊಕ್ಕರೆ ಯಾವ ಬೇಟೆಗಾರನೂ ಸುಮ್ನೆ ಕೂರಲಾರ. ಚಳಿಗಾಲದ ಕಾಡಲ್ಲಿ ಉಣುಗು ಬೇರೆ. ಅದರ ಕಡಿತದಿಂದ ಹರಡೋ ಮಂಗನ ಕಾಯಿಲೆ ನಮ್ಮ ಪಕ್ಕದ ಜಿಲ್ಲೆಯ ಸೊರಬದ ಕ್ಯಾಸನೂರು ಕಾಡಲ್ಲಿ 1957ರಲ್ಲೇ ಪತ್ತೆಯಾಗಿತ್ತು. ನಾವು ಬರಿಗಾಲಲ್ಲಿ ತರಗೆಲೆ ತುಳಿದು ಓಡಾಡಿದ್ದು ನೆನೆದರೆ ಈಗ ಮೈ ಜುಂ ಅನ್ನುತ್ತದೆ.

ಕೋವಿ ಕೇಪಿನದ್ದು. ಬಾಯಿಂದ ಮದ್ದು ಸುರಿದು, ಕತ್ತ ಅಂದರೆ ತೆಂಗಿನ ನಾರು ತುರುಕಿ, ಚರೆ ಹಾಕಿ, ಗಜದ ಕೋಲಲ್ಲಿ ಜಡಿಯಬೇಕು. ಅಂದರೆ ಸಿಗೋದು ಒಂದೇ ಈಡು, ಎರಡನೆಯದಕ್ಕೆ ಸಮಯವಿಲ್ಲ. ಕತ್ತಲಲ್ಲಿ ಗುರಿ ಕಾಣಲಿ ಅಂತ ನಳಿಗೆ ತುದಿಗೆ ಎಲೆಅಡಿಕೆ ಸಂಚಿಯ ಸುಣ್ಣ ಹಚ್ಚುತ್ತಿದ್ದರು. ಎಲೆಅಡಿಕೆ ಹಾಕಿಕೊಳ್ಳಬಹುದು, ಉಗುಳೋ ಹಾಗಿಲ್ಲ. ಬೀಡಿಯಂತೂ ಇಲ್ಲವೇ ಇಲ್ಲ. ಮೂರು ಸೆಲ್ಲಿನ ಬ್ಯಾಟರಿ ಹಿಡಿಯೋದು ನನ್ನ ಕೆಲಸ. ತೊಡೆಗೆ ತೊಡೆ ತಾಗಿಸಿದರೆ ಒತ್ತಬೇಕು, ಅದೇ ಸನ್ನೆ.

ನಿಜ ಹೇಳಬೇಕೆಂದರೆ, ಆ ಚಳಿಗಾಲದಲ್ಲಿ ನಾನು ಕೂತ ಹತ್ತು ಹನ್ನೆರಡು ರಾತ್ರಿಗಳಲ್ಲಿ ಬಹುಪಾಲು ಏನೂ ಆಗಲಿಲ್ಲ. ಕಾಲು ಜೋಮು ಹಿಡಿಯಿತು, ನಿದ್ದೆ ಬಂತು. ಎಲ್ಲೋ ಕಾಡುಕುರಿ ನಾಯಿಯ ಹಾಗೆ ಬೊಗಳಿತು. ಇಬ್ಬನಿ ಎಲೆಯಿಂದ ಎಲೆಗೆ ತೊಟ್ಟಿಕ್ಕೋ ಸದ್ದಿಗೆ ಯಾರೋ ನಡೆದು ಬಂದ ಹಾಗೆ ಅನಿಸುತ್ತಿತ್ತು. ಮೊದಲೆರಡು ರಾತ್ರಿ ಪ್ರತಿ ಹನಿಗೂ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಹನಿ ಯಾವುದು, ಹೆಗ್ಗಣ ಯಾವುದು ಅಂತ ಕಿವಿಗೆ ತಾನಾಗೇ ಗೊತ್ತಾಗತೊಡಗಿತು.

ಐದನೆಯದೋ ಆರನೆಯದೋ ರಾತ್ರಿ ಇರಬೇಕು. ಚಂದ್ರ ಇನ್ನೂ ಎದ್ದಿರಲಿಲ್ಲ. ಮೇಲಿನಿಂದ ತರಗೆಲೆ ಸದ್ದು. ನಾಲ್ಕು ಹೆಜ್ಜೆ, ನಿಲ್ಲೋದು. ಮತ್ತೆ ನಾಲ್ಕು ಹೆಜ್ಜೆ. ನೆಲ್ಲಿ ಬುಡದಲ್ಲಿ ಕಾಯಿ ಕಡಿಯೋ ಸದ್ದು ಕಟುಂ ಅಂತ ಸ್ಪಷ್ಟವಾಗಿ ಕೇಳಿತು. ಅಜ್ಜಯ್ಯ ಕೋವಿ ಎತ್ತಿದರು. ಸುಣ್ಣದ ಚುಕ್ಕಿ ನಿಧಾನ ಮೇಲೇರಿ ನಿಂತಿತು. ತೊಡೆ ತಾಗಿತು, ಬ್ಯಾಟರಿ ಒತ್ತಿದೆ.

ಎರಡು ಕಣ್ಣು, ಕೆಂಡದ ಹಾಗೆ. ಹಂದಿ ಅಲ್ಲ, ಹಂದಿಯ ಕಣ್ಣು ಬೆಳಕಿಗೆ ಹೀಗೆ ಉರಿಯೋದಿಲ್ಲ. ಕಣ್ಣಿನ ಎತ್ತರ ನೋಡಿದರೆ ಕಡವೆಯೇ. ಅಜ್ಜಯ್ಯ ಹಾರಿಸಲಿಲ್ಲ. ನಾನು ಮನಸ್ಸಲ್ಲೇ ಒಂದು ಎರಡು ಅಂತ ಎಣಿಸುತ್ತಿದ್ದೆ. ಕಣ್ಣುಗಳು ಬೆಳಕಿನಿಂದ ಆಚೆ ತಿರುಗಲಿಲ್ಲ. ನಮ್ಮ ಕಡೆಗೇ ನಡೆದು ಬಂದವು! ಮತ್ತಿ ಮರದ ಬುಡಕ್ಕೆ ಬಂದು ನಿಂತು ಕಿವಿ ಪಟಪಟ ಒದರಿತು ನೋಡಿ, ಅಜ್ಜಯ್ಯ ಕೋವಿ ಇಳಿಸಿದರು.

ನಮ್ಮ ಮನೆಯ ಕೆಂಪಿ.

ಎರಡು ದಿನದಿಂದ ಕೊಟ್ಟಿಗೆಗೆ ಬಂದಿರಲಿಲ್ಲ. ಕೊರಳಿನ ಮರದ ಗಂಟೆ, ದೊಂಟೆ, ಎಲ್ಲೋ ಕಳಚಿ ಬಿದ್ದಿತ್ತು. ಹುಲಿಯೋ ಕುರ್ಕನೋ (ಚಿರತೆ) ಹಿಡಿದಿರಬೇಕು ಅಂತ ಅಜ್ಜಮ್ಮ ಅತ್ತು, ಭೂತಕ್ಕೆ ಕಾಯಿ ಹರಕೆ ಹೇಳಿಕೊಂಡಿದ್ದರು. ಅಜ್ಜಯ್ಯ ಬೆಳಗಿನವರೆಗೂ ಒಂದು ಮಾತಾಡಲಿಲ್ಲ. ಅವರ ಕೈ ನಡುಗುತ್ತಿದ್ದದ್ದು ನನ್ನ ತೋಳಿಗೆ ಗೊತ್ತಾಗುತ್ತಿತ್ತು. ಇಳಿಯುವಾಗ, "ಮನೇಲಿ ಹೇಳ್ಬ್ಯಾಡ ಮಾರಾಯ" ಅಂದರು. ನಾನು ಹನ್ನೊಂದು ವರ್ಷದವನು, ಹೇಳದೇ ಇರ್ತೀನಾ? ಅಲ್ಲಿಂದ ಮುಂದೆ ಯಾರೇ ನೆಂಟರು ಬಂದರೂ ಅಜ್ಜಮ್ಮನದ್ದು ಒಂದೇ ಮಾತು: "ಕಡ ಹೊಡಿಯಾಕೆ ಹೋದವ್ರು ದನ ಹೊಡ್ಕಂಡು ಬಂದ್ರು."

ಯಾಕೆ ಹಾರಿಸಲಿಲ್ಲ ಅಂತ ಬಹಳ ವರ್ಷದ ಮೇಲೆ ಕೇಳಿದೆ. ಕಣ್ಣು ಕಂಡಿತ್ತು, ಮೈ ಕಂಡಿರಲಿಲ್ಲ ಅಂದರು. ಅಷ್ಟೇ. ಕತ್ತಲಲ್ಲಿ ಬರೀ ಸದ್ದಿಗೆ ಈಡು ಹಾರಿಸಿ ಮನುಷ್ಯರನ್ನೇ ಕಳೆದುಕೊಂಡ ಮನೆಗಳು ಮಲೆನಾಡಲ್ಲಿ ಇವೆ. ಹಳೇ ಬೇಟೆ ಕತೆಗಳಲ್ಲಿ ಅದನ್ನು ಜಾಸ್ತಿ ಯಾರೂ ಹೇಳೋದಿಲ್ಲ.

1972ರಲ್ಲಿ ವನ್ಯಜೀವಿ ಕಾಯ್ದೆ ಬಂತು, 1991ರ ತಿದ್ದುಪಡಿಯಲ್ಲಿ ಲೈಸೆನ್ಸಿನ ಬೇಟೆಗೂ ಬಾಗಿಲು ಮುಚ್ಚಿತು. ನಮ್ಮ ಮನೆಯಲ್ಲಿ ಮರಸು ಅದಕ್ಕೂ ಮೊದಲೇ ನಿಂತಿತ್ತು. ಅಜ್ಜಯ್ಯನಿಗೆ ಮರ ಹತ್ತೋಕೆ ಆಗದ ವರ್ಷ ನಿಂತಿತು, ಬೇರೆ ಕಾರಣ ಏನಿಲ್ಲ. ಕೋವಿ ಬೆಳೆ ಕಾಯೋಕೆ ಅಂತ ಇತ್ತು. ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಬರುತ್ತಿತ್ತು. ಈಗಂತೂ ಜಿಂಕೆಗೆ ಅಂತ ಅಟ್ಟಣೆ ಮೇಲೆ ಕೂತರೆ ಜೈಲು, ಅದು ಸರಿಯಾದದ್ದೇ.

ಈಗ ನಿಮ್ಮ ಅಟ್ಟಣೆ. ಬಿಸಿಲು ಮಳೆಗೆ ಬಿಟ್ಟ ಬಿದಿರು, ದಬ್ಬೆ ಎರಡು ಮೂರು ವರ್ಷ ಬಾಳಿದರೆ ಹೆಚ್ಚು. ಆಮೇಲೆ ಹೊರಗೆ ಚೆನ್ನಾಗಿ ಕಾಣುತ್ತದೆ, ಒಳಗೆ ಕುಟ್ಟೆ ಹುಳ ಪುಡಿ ಮಾಡಿರುತ್ತದೆ. ಅದಕ್ಕೇ ಅಜ್ಜಯ್ಯ ಪ್ರತಿ ವರ್ಷ ಹೊಸ ದಬ್ಬೆ ಹಾಕುತ್ತಿದ್ದರು. ನಿಮ್ಮದು ಇಷ್ಟು ವರ್ಷ ನಿಂತಿದೆ ಅಂದರೆ ಗಟ್ಟಿ ಮರದ ಹಲಗೆ ಇರಬಹುದು. ಆದರೆ ಮರ ದಪ್ಪಗಾಗುತ್ತಾ ಕಟ್ಟನ್ನು ಹರಿಯುತ್ತದೆ, ಮೊಳೆಯನ್ನು ಸಡಿಲಿಸುತ್ತದೆ. ಹಲಗೆ ಗಟ್ಟಿ ಇದ್ದರೂ ಹಿಡಿತ ಇರೋದಿಲ್ಲ. ಕೆಳಗಿನಿಂದ ಫೋಟೋ ತೆಗೆದುಕೊಳ್ಳಿ, ಸಾಕು. ಇನ್ನೊಂದು, ಮುಂದೆ ಯಾವತ್ತಾದರೂ ಆ ಮರ ಕೊಯ್ಯಿಸಿದರೆ ಒಳಗೆ ಕಬ್ಬಿಣ ಇರಬಹುದು ಅಂತ ಕೊಯ್ಯುವವರಿಗೆ ಮೊದಲೇ ಹೇಳಿ. ಗರಗಸದ ಹಲ್ಲು ಹಾರಿದರೆ ಅಪಾಯ.

ಹುಡುಗನಾಗಿದ್ದಾಗ ನನಗೊಂದು ನಂಬಿಕೆ ಇತ್ತು. ಮರ ಬೆಳೆದ ಹಾಗೆ ಅಟ್ಟಣೆಯೂ ಮೇಲೆ ಹೋಗುತ್ತದೆ, ನಾನು ದೊಡ್ಡವನಾಗೋ ಹೊತ್ತಿಗೆ ಅಲ್ಲಿಂದ ಕುದುರೆಮುಖ ಕಾಣುತ್ತದೆ ಅಂತ. ಮರ ತುದಿಯಲ್ಲಿ ಬೆಳೆಯುತ್ತದೆ, ಕಾಂಡಕ್ಕೆ ಹೊಡೆದದ್ದು ಇದ್ದಲ್ಲೇ ಇರುತ್ತದೆ ಅಂತ ಗೊತ್ತಾಗಿದ್ದು ಹೈಸ್ಕೂಲಲ್ಲಿ. ಹೋದ ವರ್ಷ ಊರಿಗೆ ಹೋದಾಗ ಬ್ಯಾಣಕ್ಕೆ ಹೋಗಿ ನೋಡಿದೆ. ಬಿದಿರು, ದಬ್ಬೆ ಯಾವುದೂ ಇಲ್ಲ. ಆಣಿಗಳು ಅದೇ ಹದಿನಾಲ್ಕು ಅಡಿಯಲ್ಲಿವೆ. ಒಂದನ್ನು ತೊಗಟೆ ಪೂರ್ತಿ ನುಂಗಿದೆ, ಅಲ್ಲೊಂದು ಹೊಕ್ಕುಳಿನಂಥ ಗುರುತು. ಇನ್ನೊಂದರ ತಲೆ ಮಾತ್ರ ಅಂಗಿ ಗುಂಡಿಯಷ್ಟು ಹೊರಗಿದೆ. ಬುಡದಲ್ಲಿ ತರಗೆಲೆ ಸರಿಸಿ ನೋಡಿದರೆ ಒಂದು ಹಿಡಿ ನೆಲ್ಲಿ ಬೀಜ ಗುಡ್ಡೆಯಾಗಿ ಬಿದ್ದಿತ್ತು. ಕೈಯಲ್ಲಿ ಹಿಡಿದು ನೋಡಿದೆ. ಇನ್ನೂ ಹಸಿಯಾಗಿತ್ತು.