ಅಂಗಡಿಯವರ ಸೌಜನ್ಯದಿಂದ ಗ್ರಾಹಕನಿಗೆ ನಿಜಕ್ಕೂ ಲಾಭವಿದೆಯೇ?

ಆನ್‌ಲೈನ್‌ನಲ್ಲಿ ಅಗ್ಗವಾಗಿ ಸಿಗುವಾಗ ಅಂಗಡಿಯವರ ನಗುಮುಖಕ್ಕೆ ಹೆಚ್ಚು ಹಣ ಕೊಡಬೇಕೇ ಎಂಬುದು ನಿಮ್ಮ ಪ್ರಶ್ನೆ. ನಗುಮುಖಕ್ಕಿಂತ, ಅಂಗಡಿಯವರು ಕೇಳುವ ಮರುಪ್ರಶ್ನೆಗೆ ಬೆಲೆ ಹೆಚ್ಚು ಎಂಬುದು ನನ್ನ ಅಭಿಪ್ರಾಯ.

ಶಿರಸಿಯಲ್ಲಿ ಮಳೆಗಾಲಕ್ಕೆ ಮುನ್ನ ಅಡಿಕೆಯ ಕೊಳೆರೋಗಕ್ಕೆ ಶೇ 1ರ ಬೋರ್ಡೋ ದ್ರಾವಣ ಸಿಂಪಡಿಸುತ್ತಾರೆ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ ಬೇಕು. ಮೈಲುತುತ್ತ ಕೇಳಿದ ನನ್ನ ತಂದೆಗೆ ಅಂಗಡಿಯವರು, ತಕ್ಕಡಿ ಮುಟ್ಟುವ ಮೊದಲೇ, "ಭಟ್ರೇ, ಸುಣ್ಣ ಹೋದ ವರ್ಷದ್ದಾ?" ಎಂದು ಕೇಳಿದರು. ಹಳೆಯ ಸುಣ್ಣ ಸತ್ವ ಕಳೆದುಕೊಂಡಿದ್ದರೆ ತಾಮ್ರದ ಅಂಶ ಹೆಚ್ಚಾಗಿ ಎಳೆಗಾಯಿ ಸುಡಬಹುದೆಂದೂ, ದ್ರಾವಣದಲ್ಲಿ ಅದ್ದಿದ ಕಬ್ಬಿಣದ ಚಾಕುವಿಗೆ ಕೆಂಪು ಲೇಪ ಹತ್ತಿದರೆ ಇನ್ನಷ್ಟು ಸುಣ್ಣ ಸೇರಿಸಬೇಕೆಂದೂ ವಿವರಿಸಿದರು. ಇಷ್ಟು ಹೇಳಲು ಅವರಿಗೆ ಹಿಡಿದದ್ದು ಎರಡೇ ನಿಮಿಷ. (ಆಮೇಲೆ ಹೊಸ ಸುಣ್ಣವನ್ನೂ ಮಾರಿದರು, ಅದು ಬೇರೆ ಮಾತು.)

ಅದೇ ವರ್ಷ ಆನ್‌ಲೈನ್‌ನಲ್ಲಿ ತರಿಸಿದ ಸಿಂಪಡಣೆ ಪಂಪಿನ ವಾಷರ್ ಸೋರತೊಡಗಿದಾಗ, ಸಹಾಯವಾಣಿಯ ಧ್ವನಿಮುದ್ರಣ "ಎರಡು ಒತ್ತಿ" ಎನ್ನುತ್ತಲೇ ಇತ್ತು. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಆದರೆ ಕೊಳೆರೋಗ ಒಂದು ತಿಂಗಳು ಕಾಯುವುದಿಲ್ಲ. ವಾಷರನ್ನು ಕೊನೆಗೆ ಪೇಟೆಯ ರಿಪೇರಿಯವರೇ ಬದಲಿಸಿಕೊಟ್ಟರು.

ಮೊಬೈಲ್ ಚಾರ್ಜರ್‌ನಂತಹ ಸಿದ್ಧ ವಸ್ತುವಾದರೆ ನಾನೂ ಅಗ್ಗದ್ದನ್ನೇ ತರಿಸುತ್ತೇನೆ.