ತೊಟ್ಟಿಲ ಪಕ್ಕ ಕೂತು ಪಾಲಿಸಿಗೆ ಸಹಿ ಹಾಕಬೇಡಿ

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಊರು ಬೇರೆ, ಸಂಬಳ ಬೇರೆ, ಕಥೆ ಮಾತ್ರ ಒಂದೇ. ಮಗು ಹುಟ್ಟಿತು, ನಾಮಕರಣ ಆಯಿತು, ಊಟಕ್ಕೆ ಬಂದ ನೆಂಟರೊಬ್ಬರು ಪಾಲಿಸಿ ಫಾರಂ ತೆಗೆದರು. ಹೋದ ವರ್ಷವೂ ಇದಕ್ಕೆ ಉತ್ತರ ಬರೆದಿದ್ದೆ. ಮತ್ತೆ ಬರೆಯುತ್ತಿದ್ದೇನೆ, ಈ ಸಲ ಸ್ವಲ್ಪ ಗಟ್ಟಿಯಾಗಿ.

ಪ್ರಶ್ನೆ: ನನಗೆ 31 ವರ್ಷ. ಸಂಬಳ 42,000. ಹೆಂಡತಿ ಮನೆಯಲ್ಲಿದ್ದಾರೆ. ಮಗಳಿಗೆ 8 ತಿಂಗಳು. ಸೋದರತ್ತೆ ಮಗ ವಿಮೆ ಏಜೆಂಟ್. ಮಗಳ ಹೆಸರಲ್ಲಿ ವರ್ಷಕ್ಕೆ 60,000 ಕಟ್ಟುವ ಪಾಲಿಸಿ ಮಾಡಿಸಿದ್ದಾರೆ. 20 ವರ್ಷ ಕಟ್ಟಿದರೆ 22 ಲಕ್ಷ ಬರುತ್ತದಂತೆ. ಪಾಲಿಸಿ ಮೊನ್ನೆ ಕೈಗೆ ಬಂತು. ಓದು, ಮದುವೆ ಎರಡಕ್ಕೂ ಇದು ಸಾಕಾ?

ಮೊದಲು ಒಂದು ಕೆಲಸ ಮಾಡಿ. ಪಾಲಿಸಿ ಹಾಳೆಯಲ್ಲಿ 'ಲೈಫ್ ಅಶ್ಯೂರ್ಡ್' ಅಂತ ಇರುವ ಕಡೆ ಯಾರ ಹೆಸರಿದೆ ನೋಡಿ. ನಿಮ್ಮ ಮಗಳ ಹೆಸರಿದೆ ಅಲ್ವಾ? ಅಂದರೆ ವಿಮೆ ಇರುವುದು ಆ ಕೂಸಿನ ಜೀವದ ಮೇಲೆ. ಮನೆ ನಡೆಯುತ್ತಿರುವುದು ನಿಮ್ಮ ದುಡಿಮೆಯಿಂದ. ನಾಳೆ ನಿಮಗೇನಾದರೂ ಆದರೆ ಈ ಪಾಲಿಸಿ ನಿಮ್ಮ ಹೆಂಡತಿಗೆ ಒಂದು ರೂಪಾಯಿ ಕೊಡುವುದಿಲ್ಲ. ನೀವು ಹೋದರೆ ಕಂತು ಮನ್ನಾ ಆಗುವ ರೈಡರ್, ಅಂದರೆ ಪಾಲಿಸಿಗೆ ಸೇರಿಸುವ ಹೆಚ್ಚುವರಿ ಸೌಲಭ್ಯ, ಬೇರೆಯಾಗಿ ತಗೊಂಡಿರದಿದ್ದರೆ, ಕಂತನ್ನೂ ಅವರೇ ಕಟ್ಟಬೇಕು.

ನಾಲ್ಕು ವರ್ಷದ ಹಿಂದೆ ಒಬ್ಬ ಹೆಣ್ಣುಮಗಳು ಪ್ಲಾಸ್ಟಿಕ್ ಕವರಿನಲ್ಲಿ ಕಾಗದ ಹಿಡಿದುಕೊಂಡು ನನ್ನ ಹತ್ತಿರ ಬಂದಿದ್ದರು. ಗಂಡ ಲಾರಿ ಓಡಿಸುತ್ತಿದ್ದರು, ಅಪಘಾತದಲ್ಲಿ ಹೋಗಿಬಿಟ್ಟರು. ಕವರಿನಲ್ಲಿ ಮೂರು ಪಾಲಿಸಿ. ಮೂರೂ ಇಬ್ಬರು ಮಕ್ಕಳ ಹೆಸರಲ್ಲಿ. ಗಂಡನ ಜೀವದ ಮೇಲೆ ಒಂದೂ ಇಲ್ಲ. ರೈಡರ್ ಬೇಡ, ಸುಮ್ನೆ ಖರ್ಚು ಅಂತ ಏಜೆಂಟೇ ಬಿಡಿಸಿದ್ದರಂತೆ. ಎಷ್ಟು ಹಣ ಬರುತ್ತೆ ಅಂತ ಕೇಳಲು ಅವರು ಬಂದಿದ್ದರು. ಮುಂದಿನ ತಿಂಗಳು ಎಷ್ಟು ಕಟ್ಟಬೇಕು ಅಂತ ನಾನು ಹೇಳಬೇಕಾಯಿತು. ಆ ದಿನದಿಂದ ಮಕ್ಕಳ ಪಾಲಿಸಿ ಅಂದರೆ ನನಗೆ ಸಿಟ್ಟು ಬರುತ್ತದೆ. ಅದನ್ನು ಮುಚ್ಚಿಟ್ಟುಕೊಳ್ಳುವುದಿಲ್ಲ.

ಇನ್ನು 22 ಲಕ್ಷದ ಮಾತು. ನೀವು ಕಟ್ಟುವುದು ಒಟ್ಟು 12 ಲಕ್ಷ. ಕೇಳಲು ಹತ್ತಿರ ಹತ್ತಿರ ಎರಡರಷ್ಟು ಅನಿಸುತ್ತದೆ. ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಶೇಕಡಾ 5.5 ಅಷ್ಟೇ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ, 20 ವರ್ಷದ ನಂತರದ 22 ಲಕ್ಷ ಅಂದರೆ ಇವತ್ತಿನ 7 ಲಕ್ಷಕ್ಕೂ ಕಡಿಮೆ. ಓದು, ಮದುವೆ ಎರಡೂ ಇದರಲ್ಲಿ ಆಗುತ್ತದೆ ಅಂತ ಹೇಳಿದವರು ಈ ಲೆಕ್ಕ ತೋರಿಸಿದ್ದರಾ?

ಅದೇ 60,000 ಪೋಸ್ಟ್ ಆಫೀಸಿನ ಸುಕನ್ಯಾ ಸಮೃದ್ಧಿ ಖಾತೆಗೆ ಹೋಗಿದ್ದರೆ? ಅಲ್ಲಿ 15 ವರ್ಷ ಕಟ್ಟಿದರೆ ಸಾಕು, ಖಾತೆ ತೆರೆದು 21 ವರ್ಷಕ್ಕೆ ಹಣ ಕೈಗೆ ಬರುತ್ತದೆ. 2024ರ ಜನವರಿಯಲ್ಲಿ ಬಡ್ಡಿ ಶೇಕಡಾ 8.2 ಆಯಿತು. ಆ ದರವೇ ಕೊನೆಯವರೆಗೂ ಉಳಿದರೆ, ಕಟ್ಟಿದ 9 ಲಕ್ಷ 28 ಲಕ್ಷ ದಾಟುತ್ತದೆ. ದರವನ್ನು ಸರ್ಕಾರ ಮೂರು ತಿಂಗಳಿಗೊಮ್ಮೆ ನೋಡುತ್ತದೆ, ಇಳಿಯಲೂಬಹುದು. ಬಂದ ಬಡ್ಡಿಗೆ ತೆರಿಗೆ ಇಲ್ಲ.

ಹಾಗಂತ ಪೂರ್ತಿ 60,000 ಅಲ್ಲಿಗೆ ಸುರಿಯಬೇಡಿ. ಮಗಳಿಗೆ 18 ತುಂಬುವವರೆಗೆ, ಇಲ್ಲವೇ ಹತ್ತನೇ ತರಗತಿ ಪಾಸಾಗುವವರೆಗೆ ಅದರಲ್ಲಿ ಕೈ ಹಾಕುವಂತಿಲ್ಲ. ಆಮೇಲೂ ಓದಿಗೆ ಅಂತ ಅರ್ಧದಷ್ಟು ಮಾತ್ರ ತೆಗೆಯಬಹುದು. ಆದರೆ ಮಗುವಿನ ಖರ್ಚು 18ನೇ ವರ್ಷಕ್ಕೆ ಕಾಯುವುದಿಲ್ಲ. ಇನ್ನು ಮೂರು ನಾಲ್ಕು ವರ್ಷಕ್ಕೆ ಎಲ್‌ಕೆಜಿ. ಪ್ರತಿ ಜೂನ್‌ನಲ್ಲಿ ಫೀಸು, ಪುಸ್ತಕ, ಯೂನಿಫಾರಂ, ಶೂ, ವ್ಯಾನು ಎಲ್ಲ ಒಟ್ಟಿಗೆ ಮನೆ ಬಾಗಿಲಿಗೆ ಬರುತ್ತವೆ. ನಾನು ನೋಡಿದ ಹೆಚ್ಚಿನ ಮನೆಗಳಲ್ಲಿ ಸಾಲ ಶುರುವಾಗಿದ್ದು ಕಾಲೇಜಿಗಲ್ಲ, ಈ ಜೂನ್ ತಿಂಗಳಿಗೆ. ಬಳೆ ಅಡ ಇಟ್ಟು ಫೀಸು ಕಟ್ಟುತ್ತಾರೆ, ಬಿಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಜೂನ್ ಬಂದಿರುತ್ತದೆ. ಅದೇ ಮನೆಯಲ್ಲಿ ಮಗುವಿನ ಭವಿಷ್ಯಕ್ಕೆ ಅಂತ ಪಾಲಿಸಿ ಕಂತೂ ಹೋಗುತ್ತಿರುತ್ತದೆ. ಇದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಿಮ್ಮ 60,000ವನ್ನು ನಾನಾದರೆ ಹೀಗೆ ಹಂಚುತ್ತೇನೆ. ಮೊದಲು ನಿಮ್ಮ ಹೆಸರಲ್ಲಿ ಒಂದು ಕೋಟಿಯ ಟರ್ಮ್ ಇನ್ಶೂರೆನ್ಸ್, ಅಂದರೆ ನೀವು ಹೋದರೆ ಮಾತ್ರ ಮನೆಯವರಿಗೆ ಹಣ ಬರುವ ವಿಮೆ. ಬೀಡಿ ಸಿಗರೇಟು ಸೇದದ, ಆರೋಗ್ಯವಾಗಿರುವ ನಿಮ್ಮ ವಯಸ್ಸಿನವರಿಗೆ ವರ್ಷಕ್ಕೆ 12,000ದ ಆಸುಪಾಸಿನಲ್ಲಿ ಸಿಗುತ್ತದೆ. ಬದುಕಿದ್ದರೆ ಒಂದು ಪೈಸೆಯೂ ವಾಪಸ್ ಬರಲ್ಲ ಅಂತ ಹಿಂಜರಿಯಬೇಡಿ, ಅದು ಹಾಗೇ ಇರಬೇಕು. ಫಾರಂ ತುಂಬುವಾಗಲೇ 1874ರ ವಿವಾಹಿತ ಮಹಿಳೆಯರ ಆಸ್ತಿ ಕಾಯ್ದೆಯ ಅಡಿ, ಅಂದರೆ 'ಎಂಡಬ್ಲ್ಯೂಪಿ' ಅಡಿ, ಮಾಡಿಸಿ. ಆಗ ಆ ಹಣ ಹೆಂಡತಿ, ಮಗಳದ್ದೇ. ನಿಮಗೆ ಸಾಲ ಕೊಟ್ಟವರು ಅದಕ್ಕೆ ಕೈ ಹಾಕಲು ಆಗುವುದಿಲ್ಲ. ಪಾಲಿಸಿ ಬಂದ ಮೇಲೆ ಇದನ್ನು ಸೇರಿಸಲು ಬರುವುದಿಲ್ಲ. ಅದಾದ ಮೇಲೆ ತಿಂಗಳಿಗೆ 2,000ದ ಆರ್‌ಡಿ, ಜೂನ್ ತಿಂಗಳಿಗಂತಲೇ. ಮಗಳು ಶಾಲೆಗೆ ಸೇರುವವರೆಗೆ ಅದು ನಿಮ್ಮ ಆಪತ್ತಿನ ಹಣ. ಉಳಿದ 2,000 ಪ್ರತಿ ತಿಂಗಳು ಸುಕನ್ಯಾಗೆ. 8.2ರ ಲೆಕ್ಕದಲ್ಲಿ ಅದೇ 21 ವರ್ಷಕ್ಕೆ 11 ಲಕ್ಷ ದಾಟುತ್ತದೆ. ಸಂಬಳ ಏರಿದಾಗ ಇದನ್ನೂ ಏರಿಸಿ.

ಇನ್ನೊಂದು ವಿಷಯ. ಆಫೀಸಿನ ಆರೋಗ್ಯ ವಿಮೆಗೆ ಮಗಳ ಹೆಸರು ಸೇರಿಸಿದ್ದೀರಾ? ಇಲ್ಲದಿದ್ದರೆ ನಾಳೆಯೇ ಎಚ್‌ಆರ್ ಅವರನ್ನು ಕೇಳಿ.

ಈಗ ಕೈಯಲ್ಲಿರುವ ಪಾಲಿಸಿ. ಕೈಗೆ ಬಂದ ದಿನದಿಂದ 30 ದಿನದೊಳಗೆ ವಾಪಸ್ ಕೊಡುವ ಹಕ್ಕು ನಿಮಗಿದೆ. 'ಫ್ರೀ ಲುಕ್' ಅಂತಾರೆ. ಸ್ಟಾಂಪ್ ಖರ್ಚು, ಅಷ್ಟು ದಿನದ ವಿಮೆಯ ಪಾಲು, ವೈದ್ಯಕೀಯ ಪರೀಕ್ಷೆ ಮಾಡಿಸಿದ್ದರೆ ಅದರ ಖರ್ಚು ಹಿಡಿದುಕೊಂಡು ಉಳಿದದ್ದನ್ನು ಕಂಪನಿ ಕೊಡಲೇಬೇಕು. ಅರ್ಜಿಯನ್ನು ನೇರವಾಗಿ ಶಾಖೆಗೆ ಕೊಟ್ಟು, ಸೀಲು ಹಾಕಿಸಿಕೊಂಡ ಪ್ರತಿ ಇಟ್ಟುಕೊಳ್ಳಿ. ಸೋದರತ್ತೆ ಮಗನ ಕೈಗೆ ಕೊಡಬೇಡಿ. ಅವರಿಗೆ ಬೇಜಾರಾಗುತ್ತದೆ, ಆಗಲಿ. ಅವರಿಗೆ ತಪ್ಪುವುದು ಕಮಿಷನ್. ಇಲ್ಲಿರುವುದು ನಿಮ್ಮ ಮಗಳ 20 ವರ್ಷದ ಹಣ.

ಇಂಥ ಪಾಲಿಸಿ ಕಟ್ಟಿ ಈಗಾಗಲೇ ಕೆಲವು ವರ್ಷ ಆಗಿರುವವರು ದುಡುಕಿ ನಿಲ್ಲಿಸಬೇಡಿ. 'ಸರೆಂಡರ್' ಮಾಡಿದರೆ, ಅಂದರೆ ಪಾಲಿಸಿ ಮುಚ್ಚಿ ಹಣ ವಾಪಸ್ ತಗೊಂಡರೆ ಎಷ್ಟು, 'ಪೇಡ್ ಅಪ್' ಮಾಡಿದರೆ, ಅಂದರೆ ಕಂತು ನಿಲ್ಲಿಸಿ ಪಾಲಿಸಿಯನ್ನು ಅವಧಿವರೆಗೆ ಉಳಿಸಿಕೊಂಡರೆ ಎಷ್ಟು ಅಂತ ಶಾಖೆಯಿಂದ ಬರಹದಲ್ಲಿ ತಗೊಂಡು, ಆಮೇಲೆ ಬರೆಯಿರಿ.

ಪ್ರಶ್ನೆ: ಹುಟ್ಟಿನಿಂದ ಮದುವೆವರೆಗೆ ಒಂದು ಮಗುವಿಗೆ ಒಟ್ಟು ಎಷ್ಟು ಖರ್ಚಾಗುತ್ತದೆ? ಒಂದು ಕೋಟಿ ಅಂತ ವಿಡಿಯೊದಲ್ಲಿ ನೋಡಿದೆ.

ಹೆದರಿಸಿ ಏನೋ ಮಾರುವವರ ಲೆಕ್ಕ ಅದು. ಮುಂದಿನ ಜೂನ್‌ಗೆ ಎಷ್ಟು ಬೇಕು ಅಂತ ಬರೆದಿಟ್ಟುಕೊಳ್ಳಿ, ಸಾಕು.

ಪ್ರಶ್ನೆ: ಶಾಲೆಗೆ ಕೊಟ್ಟ ಡೊನೇಷನ್‌ಗೆ ತೆರಿಗೆ ವಿನಾಯಿತಿ ಇದೆಯಾ?

ಇಲ್ಲ. ಹಳೇ ತೆರಿಗೆ ಪದ್ಧತಿಯಲ್ಲಿದ್ದರೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ಮಾತ್ರ. ಅಂದಹಾಗೆ ಡೊನೇಷನ್ ಕೇಳುವುದೇ ತಪ್ಪು. 2009ರ ಶಿಕ್ಷಣ ಹಕ್ಕು ಕಾಯ್ದೆಯ 13ನೇ ಸೆಕ್ಷನ್‌ನಲ್ಲಿ, ತಗೊಂಡದ್ದರ ಹತ್ತು ಪಟ್ಟಿನವರೆಗೆ ದಂಡ ಇದೆ.

ಪ್ರಶ್ನೆ: ಬೀದಿಯಲ್ಲಿ ಪರಿಚಯದವರು ನಡೆಸುವ ಚೀಟಿ ಹಾಕಿ ಮಗನ ಫೀಸು ಕಟ್ಟಬಹುದಾ?

ರಿಜಿಸ್ಟರ್ ಆಗದ ಚೀಟಿ ಬೇಡ. ಎಷ್ಟೇ ಪರಿಚಯ ಇರಲಿ, ಬೇಡ.

ಪ್ರಶ್ನೆ: ಸರ್ಕಾರಿ ಲಸಿಕೆ ಹಾಕಿಸಿದರೆ ಮಗುವಿಗೆ ಕಡಿಮೆ ರಕ್ಷಣೆ ಅಂತಾರೆ. ಖಾಸಗಿಯಲ್ಲಿ ಸಾವಿರಾರು ರೂಪಾಯಿ ಆಗುತ್ತಿದೆ.

ಹಾಗೆ ಹೇಳಿದವರ ಮಾತು ನಂಬಬೇಡಿ. ಬಿಸಿಜಿ, ಪೋಲಿಯೊ, ಪೆಂಟಾವೇಲೆಂಟ್, ರೋಟಾ, ಪಿಸಿವಿ, ದಡಾರ-ರುಬೆಲ್ಲಾ ಎಲ್ಲವೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ತಾಯಿ ಕಾರ್ಡ್ ಹಿಡಿದುಕೊಂಡು ಹೋಗಿ. ಅಲ್ಲಿ ಸಿಗದ ಲಸಿಕೆ ಬೇಕಾ ಅಂತ ಮಾತ್ರ ಮಕ್ಕಳ ಡಾಕ್ಟರನ್ನು ಕೇಳಿ.

ಪ್ರಶ್ನೆ: ಮಗನಿಗೆ ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್ ಸೀಟು ಕೊಡಿಸಲು ಎರಡು ಎಕರೆ ಹೊಲ ಮಾರಬೇಕೆಂದಿದ್ದೇನೆ. ಸರಿನಾ?

ಸರಿಯಲ್ಲ. ಸಿಇಟಿ ರ‍್ಯಾಂಕ್‌ನಲ್ಲಿ ಸರ್ಕಾರಿ ಕೋಟಾದಡಿ ಯಾವ ಕಾಲೇಜು ಸಿಗುತ್ತದೋ ಅಲ್ಲಿಗೇ ಸೇರಿಸಿ. ಶಿಕ್ಷಣ ಸಾಲ 4 ಲಕ್ಷದವರೆಗೆ ಅಡಮಾನ ಇಲ್ಲದೆ ಸಿಗುತ್ತದೆ, ನಿಮ್ಮ ಕೈಯಿಂದ ಪಾಲು ಹಾಕುವುದೂ ಇಲ್ಲ. ಊರಿನ ಬ್ಯಾಂಕ್ ಮ್ಯಾನೇಜರ್ ಹೊಲದ ಪಹಣಿ ಕೇಳಿದರೆ, ಯಾವ ನಿಯಮದಡಿ ಅಂತ ಬರೆದುಕೊಡಲು ಹೇಳಿ.