ಅತಿ ಎತ್ತರದ ಕಟ್ಟಡಗಳು ಅಮೆರಿಕಕ್ಕಿಂತ ಚೀನಾದಲ್ಲೇ ಅಷ್ಟೊಂದು ಹೆಚ್ಚು ಏಕೆ?

ಎಂಜಿನಿಯರಿಂಗ್‌ಗಿಂತ ಜಮೀನಿನ ಲೆಕ್ಕಾಚಾರವೇ ಮುಖ್ಯ ಕಾರಣ ಅಂತ ನನಗನ್ನಿಸುತ್ತದೆ. 300 ಮೀಟರ್ ದಾಟಿದರೆ 'ಸೂಪರ್‌ಟಾಲ್' ಅನ್ನುತ್ತಾರೆ. ಚೀನಾದಲ್ಲಿ ನಗರದ ನೆಲವೆಲ್ಲ ಸರ್ಕಾರದ್ದು. ಅದರ ಬಳಕೆಯ ಹಕ್ಕನ್ನು ಡೆವಲಪರ್‌ಗಳಿಗೆ ಮಾರುವುದೇ ಸ್ಥಳೀಯ ಆಡಳಿತಗಳಿಗೆ ದೊಡ್ಡ ಆದಾಯವಾಗಿತ್ತು. ಹೊಸ ಬಡಾವಣೆಗೆ ಹೆಸರು ಬರಲು ನಡುವೆ ಒಂದು ಗೋಪುರ ಬೇಕು, ಹಾಗಾಗಿ ನಗರ ನಗರಗಳ ನಡುವೆ ಪೈಪೋಟಿ. 632 ಮೀಟರಿನ ಶಾಂಘೈ ಟವರ್, ಶೆನ್‌ಜೆನ್‌ನಲ್ಲಿ 599 ಮೀಟರಿನ ಪಿಂಗ್ ಆನ್ ಎದ್ದದ್ದು ಆ ಭರಾಟೆಯಲ್ಲೇ. ಬಾಡಿಗೆ ಗಿಟ್ಟುತ್ತದೋ ಇಲ್ಲವೋ ಅನ್ನೋದು ಆಮೇಲಿನ ಮಾತು!

ಅಮೆರಿಕದಲ್ಲಿ ಹಾಕುವ ದುಡ್ಡು ಬಹುಪಾಲು ಖಾಸಗಿಯವರದು, ಗಿಟ್ಟದಿದ್ದರೆ ಕಟ್ಟುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಇನ್ನೊಂದು ವಿಚಿತ್ರ: ಪಕ್ಕದ ಗಿಡ್ಡ ಕಟ್ಟಡದವರು ಬಳಸದೆ ಬಿಟ್ಟ ನಿರ್ಮಾಣದ ಹಕ್ಕನ್ನು ಕೊಂಡು ನಮ್ಮ ನಿವೇಶನದ ಮೇಲೆ ಪೇರಿಸಬಹುದು. ಸೆಂಟ್ರಲ್ ಪಾರ್ಕ್ ಬಳಿಯ ಕಡ್ಡಿಯಂಥ ಗೋಪುರಗಳು ಹುಟ್ಟಿದ್ದು ಹೀಗೆ. ಸ್ಟೈನ್‌ವೇ ಟವರ್ 435 ಮೀಟರ್ ಎತ್ತರ, ಅಗಲ ಸುಮಾರು 18 ಮೀಟರ್ ಅಷ್ಟೇ. ಒಳಗಿರುವುದು ಕಚೇರಿಗಳಲ್ಲ, ಸಿರಿವಂತರ ಫ್ಲ್ಯಾಟುಗಳು.

ಚೀನಾದ ಓಟಕ್ಕೂ ಈಗ ಲಗಾಮು ಬಿದ್ದಿದೆ. 500 ಮೀಟರಿಗಿಂತ ಎತ್ತರದ ಹೊಸ ಕಟ್ಟಡಗಳಿಗೆ 2021ರಲ್ಲಿ ನಿಷೇಧ ಬಂತು. ಅದಕ್ಕೂ ಮೊದಲೇ, ತಿಯಾನ್‌ಜಿನ್‌ನ ಗೋಲ್ಡಿನ್ 117 ಗೋಪುರ 2015ರಲ್ಲಿ 597 ಮೀಟರಿನ ತುದಿ ಮುಟ್ಟಿ, ದುಡ್ಡಿನ ಮುಗ್ಗಟ್ಟಿನಿಂದ ವರ್ಷಗಟ್ಟಲೆ ಖಾಲಿ ನಿಂತಿತ್ತು.